ಸಾಧಕ-ಬಾಧಕ ಪ್ರಬಂಧ: ಪಟ್ಟಿ ಮಾಡೋಕೆ ಬರತ್ತೆ, ತೂಗೋದು ಹೇಗೆ?

ಬಿಳಿಹಾಳೆ:
ಎಲ್ಲರಿಗೂ ನಮಸ್ಕಾರ. "ಅನುಕೂಲ ಮತ್ತು ಅನಾನುಕೂಲಗಳನ್ನು ಚರ್ಚಿಸಿ" ಅಂತ ಬರುವ ಪ್ರಬಂಧದ ಬಗ್ಗೆ ಕೇಳಬೇಕಿತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅನ್ನೋ ಚೌಕಟ್ಟು ಗೊತ್ತು. ಅಂಶಗಳನ್ನು ಪಟ್ಟಿ ಮಾಡೋದೂ ಕಷ್ಟ ಇಲ್ಲ. ಆದರೆ ಮುಗಿಸಿ ಓದಿದರೆ ಸಾಮಾನಿನ ಚೀಟಿ ಓದಿದ ಹಾಗಿರತ್ತೆ. ವಿಷಯ "ಮನೆಯಿಂದಲೇ ಕಚೇರಿ ಕೆಲಸ", ಮಿತಿ 300 ಪದ, 40 ನಿಮಿಷ. ಅನುಕೂಲದ ಪ್ಯಾರಾ ಹೀಗಿದೆ:

"ಮನೆಯಿಂದ ಕೆಲಸ ಮಾಡುವುದರಿಂದ ಸಮಯ ಉಳಿಯುತ್ತದೆ. ಹಣವೂ ಉಳಿಯುತ್ತದೆ. ಕುಟುಂಬದ ಜೊತೆ ಇರಬಹುದು. ಪರಿಸರ ಮಾಲಿನ್ಯ ಕಡಿಮೆಯಾಗುತ್ತದೆ. ಒತ್ತಡವೂ ಕಡಿಮೆ. ಹೀಗೆ ಅನೇಕ ಅನುಕೂಲಗಳಿವೆ."

ಎಷ್ಟು ಅಂಶ ಇರಬೇಕು? ಅನುಕೂಲ ಎಲ್ಲಾ ಮುಗಿಸಿ ಆಮೇಲೆ ಅನಾನುಕೂಲ ಬರೀಬೇಕಾ, ಬೆರೆಸಿ ಬರೀಬೇಕಾ? ಕೊನೆಗೆ ಸ್ವಂತ ಅಭಿಪ್ರಾಯ ಹೇಳಬಹುದಾ?

ಕೆಂಪುಶಾಯಿ:
ವ್ಯಾಕರಣದ ತಪ್ಪು ಒಂದೂ ಇಲ್ಲ. ತೊಂದರೆ ಇರೋದು ಲೆಕ್ಕದಲ್ಲಿ. ಆರು ವಾಕ್ಯದಲ್ಲಿ ಐದು ಅಂಶ ಬಂದಿವೆ. ಒಂದು ಅಂಶಕ್ಕೆ ಒಂದೇ ವಾಕ್ಯ ಸಿಕ್ಕರೆ ಅದು ಬರೀ ಹೇಳಿಕೆ. ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ "ಹೇಗೆ? ಯಾರಿಗೆ?" ಅಂತ ಬರೆದು ನೋಡಿ. "ಒತ್ತಡವೂ ಕಡಿಮೆ" ಅಂದಿದ್ದೀರಿ. ಯಾರಿಗೆ? ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವ ಮನೆಯವರಿಗೂ ಕಡಿಮೆಯಾ? ಪ್ಯಾರಾದಲ್ಲಿ ಉತ್ತರ ಇಲ್ಲ.

300 ಪದವನ್ನು ಹೀಗೆ ಹಂಚಿಕೊಳ್ಳಿ. ಪೀಠಿಕೆಗೆ 40, ಒಂದೊಂದು ಕಡೆಗೆ 105, ಉಪಸಂಹಾರಕ್ಕೆ 50. 105 ಪದದಲ್ಲಿ ಎರಡು ಅಂಶ ಆರಾಮಾಗಿ ಹಿಡಿಸತ್ತೆ, ಒಂದೊಂದಕ್ಕೆ ನಾಲ್ಕೈದು ವಾಕ್ಯ ಸಿಗತ್ತೆ. ಮೂರನೆಯದನ್ನು ತುರುಕಿದ ಕೂಡಲೇ ಮೂರೂ ಸೊರಗತ್ತೆ. ಐದು ಇದ್ದರೆ ಚೀಟಿ ಆಗದೆ ಇನ್ನೇನಾಗತ್ತೆ.

ಅಲ್ಪವಿರಾಮ:
ಎಷ್ಟು ಅಂಶ ಅನ್ನೋದಕ್ಕಿಂತ ಮೊದಲು ಪ್ರಶ್ನೆಯ ಕೊನೆಯ ಕ್ರಿಯಾಪದ ನೋಡಿ. ಅಲ್ಲೇ ಅರ್ಧ ಉತ್ತರ ಇದೆ.

ತಕ್ಕಡಿ:
ಅಲ್ಪವಿರಾಮ ಅವರು ಹೇಳಿದ್ದನ್ನೇ ಸ್ವಲ್ಪ ಬಿಡಿಸ್ತೀನಿ. ಮೂರು ಥರದ ಪ್ರಶ್ನೆಗಳು ಹೊರಗಿನಿಂದ ಒಂದೇ ಥರ ಕಾಣತ್ತವೆ.

"ಸಾಧಕ-ಬಾಧಕಗಳನ್ನು ವಿವರಿಸಿ" ಅಂದರೆ ಎರಡು ಕಡೆಯನ್ನೂ ಸರಿಯಾಗಿ ತೆರೆದಿಟ್ಟರೆ ಸಾಕು, ತೀರ್ಪು ಕೇಳಿಲ್ಲ. ಕೊಟ್ಟರೆ ತಪ್ಪೇನಿಲ್ಲ, ಆದರೆ ಅದು ಇಡೀ ಪ್ರಬಂಧವನ್ನು ನುಂಗಬಾರದು.

"ಅನುಕೂಲಗಳು ಅನಾನುಕೂಲಗಳಿಗಿಂತ ಹೆಚ್ಚೇ?" ಅಂದರೆ ತೀರ್ಪು ಕೊಡಲೇಬೇಕು. ಎರಡು ಕಡೆಯನ್ನೂ ಚೆನ್ನಾಗಿ ಬರೆದು ಕೊನೆಗೆ "ಎರಡೂ ಇವೆ" ಅಂತ ಕೈತೊಳೆದುಕೊಂಡರೆ ಕೇಳಿದ ಪ್ರಶ್ನೆಗೆ ಉತ್ತರವೇ ಬಂದಿಲ್ಲ.

"ಒಪ್ಪುವಿರಾ?" ಅಂದರೆ ಅದು ಅಭಿಪ್ರಾಯದ ಪ್ರಬಂಧ. ಅಲ್ಲಿ ನಿಮ್ಮ ನಿಲುವೇ ಬೆನ್ನೆಲುಬು, ಇನ್ನೊಂದು ಕಡೆ ಒಂದು ಪ್ಯಾರಾದಲ್ಲಿ ಬಂದು ಹೋದರೆ ಸಾಕು.

ನಿಮ್ಮದು "ಚರ್ಚಿಸಿ". ಅದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇದೆ. ಚರ್ಚೆ ಅಂದಮೇಲೆ ಯಾವುದು ಭಾರ ಅನ್ನೋ ಮಾತು ಬರಲೇಬೇಕು ಅನ್ನೋದು ನನ್ನ ಪಕ್ಷ.

ಪದಸಂಚಿ:
ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯೋರು ಇದನ್ನು ಗುರುತು ಮಾಡಿಕೊಳ್ಳಿ. ಬರವಣಿಗೆಯ ಎರಡನೇ ಪ್ರಶ್ನೆಗೆ ಕನಿಷ್ಠ 250 ಪದ, ಸುಮಾರು 40 ನಿಮಿಷ. ಮೊದಲನೇ ಪ್ರಶ್ನೆಗಿಂತ ಇದರ ತೂಕ ಎರಡು ಪಟ್ಟು. ಅಳೆಯೋದು ನಾಲ್ಕು ಅಳತೆಗೋಲಿನಲ್ಲಿ, ನಾಲ್ಕಕ್ಕೂ ಸಮಪಾಲು: ಕೇಳಿದ್ದಕ್ಕೆ ಉತ್ತರ ಕೊಟ್ಟಿದೆಯಾ, ಮಾತು ಒಂದಕ್ಕೊಂದು ಹೊಂದಿಕೊಂಡು ಸಾಗತ್ತಾ, ಪದಸಂಪತ್ತು, ವ್ಯಾಕರಣ. "ಹೆಚ್ಚೇ?" ಅನ್ನೋ ಪ್ರಶ್ನೆಗೆ ತೀರ್ಪು ಕೊಡದಿದ್ದರೆ ಪೆಟ್ಟು ಬೀಳೋದು ಮೊದಲನೇ ಅಳತೆಗೋಲಿಗೆ. ಎಷ್ಟೇ ಚೆಂದದ ಪದ ಹಾಕಿದರೂ ಅದು ತುಂಬಿ ಬರಲ್ಲ.

ಹಾಳೆಅಂಚು:
ಬೆರೆಸೋದಾ ಬೇರೆ ಮಾಡೋದಾ ಅನ್ನೋದಕ್ಕೆ: 300 ಪದದ ಪ್ರಬಂಧದಲ್ಲಿ ಬೇರೆ ಬೇರೆಯಾಗೇ ಬರೆಯಿರಿ. ಒಂದು ಪ್ಯಾರಾ ಒಂದು ಕಡೆ. ಓದುವವರಿಗೆ ದಾರಿ ತಪ್ಪಲ್ಲ.

ಎರಡುತಟ್ಟೆ:
ಒಪ್ಪಲ್ಲ. ಬೇರೆ ಬೇರೆ ಬರೆದಾಗಲೇ ಎರಡು ಪಟ್ಟಿ ಹುಟ್ಟೋದು. ಸಮಯ ಅಂತ ತಗೊಂಡು ಅದರ ಅನುಕೂಲ, ಅದರ ತೊಡಕು ಎರಡನ್ನೂ ಒಂದೇ ಪ್ಯಾರಾದಲ್ಲಿ ನೋಡಿ. ಆಮೇಲೆ ಹಣ. ಆಮೇಲೆ ಕಲಿಕೆ. ಎರಡು ತಟ್ಟೆ ಎದುರುಬದುರು ಇದ್ದರೆ ತಾನೇ ತೂಗೋದು?

ಹಾಳೆಅಂಚು:
ಎದುರುಬದುರು ಇಡೋದು ಸರಿ, 300 ಪದದಲ್ಲಿ ಅದು ಹೇಗೆ ಕಾಣತ್ತೆ ಬರೆದು ನೋಡಿ. "ಸಮಯ ಉಳಿಯುತ್ತದೆ. ಆದರೆ ಕೆಲಸ ಮುಗಿಯುವುದಿಲ್ಲ. ಹಣ ಉಳಿಯುತ್ತದೆ. ಆದರೆ ವಿದ್ಯುತ್ ಖರ್ಚು ಹೆಚ್ಚು." ಎರಡು ವಾಕ್ಯಕ್ಕೊಂದು ಆದರೆ. ಓದುವವರ ಕತ್ತು ಆ ಕಡೆ ಈ ಕಡೆ ತಿರುಗಿ ತಿರುಗಿ ಸಾಕಾಗತ್ತೆ. 800 ಪದ ಇದ್ದಾಗ ನಿಮ್ಮ ಕ್ರಮ ಸೊಗಸು, ಅಲ್ಲಿ ಒಂದೊಂದು ಅಳತೆಗೆ ಇನ್ನೂರು ಪದ ಸಿಗತ್ತೆ.

ಎರಡುತಟ್ಟೆ:
ಪದಮಿತಿಯ ಮಾತು ಒಪ್ಪಿದೆ. ಇನ್ನೊಂದು ಸೇರಿಸ್ತೀನಿ. ಎರಡು ಕಡೆಗೂ ಒಂದೇ ಅಳತೆಗಳು ಸಿಕ್ಕರೆ ಮಾತ್ರ ಜೋಡಿ ಕ್ರಮ ನಡೆಯತ್ತೆ. ಒಂದು ಕಡೆ ಹಣದ ಮಾತು, ಇನ್ನೊಂದು ಕಡೆ ಆರೋಗ್ಯದ ಮಾತು ಇದ್ದರೆ ಜೋಡಿ ಕೂರಲ್ಲ, ಬಲವಂತಕ್ಕೆ ಕೂರಿಸಿದರೆ ಸುಳ್ಳು ಜೋಡಿ ಆಗತ್ತೆ. ಅಂಥ ಕಡೆ ಬೇರೆ ಪ್ಯಾರಾಗಳೇ ಸರಿ.

ಒತ್ತಕ್ಷರ:
ಸುಳ್ಳು ಜೋಡಿ ಅಂದಕೂಡಲೇ ನೆನಪಾಯ್ತು, ಇದರ ತಮ್ಮ ಒಬ್ಬ ಇದ್ದಾನೆ: ಕನ್ನಡಿ ದೋಷ. ಅನುಕೂಲದಲ್ಲಿ "ಹಣ ಉಳಿಯುತ್ತದೆ" ಅಂತ ಬರೆದು, ಅನಾನುಕೂಲದಲ್ಲಿ "ಕೆಲವರಿಗೆ ಹಣ ಉಳಿಯುವುದಿಲ್ಲ" ಅಂತ ಬರೆಯೋದು. ಎರಡನೆಯದು ಹೊಸ ಅಂಶವೇ ಅಲ್ಲ, ಮೊದಲನೆಯದರ ಮಿತಿ ಅಷ್ಟೇ. ಅದನ್ನು ಮೊದಲ ಪ್ಯಾರಾದಲ್ಲೇ ಅರ್ಧ ವಾಕ್ಯದಲ್ಲಿ ಹೇಳಿ ಮುಗಿಸಬೇಕು. "ದೂರದಿಂದ ಓಡಾಡುವವರಿಗೆ ಹಣ ಉಳಿಯುತ್ತದೆ" ಅಂದರೆ ಆಯ್ತು.

ಹಳೇಓಲೆ:
ತೂಗುವ ವಿಚಾರಕ್ಕೆ ಒಂದು ಹಳೆಯ ಪತ್ರ ಬಹಳ ಉಪಯೋಗಕ್ಕೆ ಬರುತ್ತದೆ. 1772ರ ಸೆಪ್ಟೆಂಬರ್ 19ರಂದು ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಿಂದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದದ್ದು. ಪ್ರೀಸ್ಟ್ಲಿ ತಮಗೆ ಬಂದಿದ್ದ ಒಂದು ಕೆಲಸವನ್ನು ಒಪ್ಪಿಕೊಳ್ಳುವುದೋ ಬೇಡವೋ ಎಂದು ಸಲಹೆ ಕೇಳಿದ್ದರು. ಏನು ತೀರ್ಮಾನಿಸಬೇಕೆಂದು ಹೇಳಲಾರೆ, ಹೇಗೆ ತೀರ್ಮಾನಿಸಬೇಕೆಂದು ಹೇಳುತ್ತೇನೆ ಎಂದು ಫ್ರಾಂಕ್ಲಿನ್ ತಮ್ಮ ಕ್ರಮವನ್ನು ವಿವರಿಸಿದರು. ಹಾಳೆಯ ನಡುವೆ ಒಂದು ಗೆರೆ. ಒಂದು ಕಡೆ ಪರ, ಒಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಚುಟುಕಾಗಿ ಬರೆಯುತ್ತ ಹೋಗುವುದು. ಆಮೇಲೆ ಒಂದೊಂದರ ತೂಕ ಅಂದಾಜು ಮಾಡಿ, ಆ ಕಡೆಯ ಒಂದು ಈ ಕಡೆಯ ಒಂದಕ್ಕೆ ಸಮ ಎನಿಸಿದರೆ ಎರಡನ್ನೂ ಹೊಡೆದುಹಾಕುವುದು. ಪರದ ಒಂದು ವಿರೋಧದ ಎರಡಕ್ಕೆ ಸಮ ಎನಿಸಿದರೆ ಮೂರನ್ನೂ ಹೊಡೆದುಹಾಕುವುದು. ಉಳಿದದ್ದು ಯಾವ ಕಡೆಗೋ ತೀರ್ಮಾನ ಆ ಕಡೆಗೆ.

ಎಣಿಕೆ ಬೇರೆ, ತೂಕ ಬೇರೆ ಎಂಬುದು ಈ ಕ್ರಮದ ಜೀವಾಳ. ಆರು ಅನುಕೂಲ ನಾಲ್ಕು ಅನಾನುಕೂಲ ಇದ್ದರೆ ಅನುಕೂಲವೇ ಹೆಚ್ಚು ಎಂದು ಬರೆಯುವವರು ಬಹಳ ಜನ. ಅದು ತಲೆ ಎಣಿಸಿದ ಹಾಗಾಯಿತು.

ಮಸಿಕುಡಿಕೆ:
ಪರೀಕ್ಷೆಯಲ್ಲಿ ಮೂರು ನಾಲ್ಕು ದಿನ ಎಲ್ಲಿಂದ ತರೋದು ಸರ್? ಇರೋದೇ 40 ನಿಮಿಷ.

ಹಳೇಓಲೆ:
ದಿನಗಳು ಬೇಕಾದದ್ದು ಅಂಶಗಳು ಹೊಳೆಯುವುದಕ್ಕೆ. ಹೊಡೆದುಹಾಕುವುದಕ್ಕೆ ಮೂರು ನಿಮಿಷ ಸಾಕು.

ಕೆಂಪುಶಾಯಿ:
40 ನಿಮಿಷವನ್ನು ಹೀಗೆ ಕತ್ತರಿಸಿ: ಪ್ರಶ್ನೆ ಓದಿ ಬಿಡಿಸಲು 3, ಎರಡು ಕಾಲಮ್ಮಿನ ಪಟ್ಟಿಗೂ ಹೊಡೆದುಹಾಕಲೂ ಸೇರಿ 7, ಬರೆಯಲು 25, ತಿದ್ದಲು 5. ಹತ್ತು ನಿಮಿಷ ಪ್ರಬಂಧಕ್ಕೆ ಕೈಹಾಕದೆ ಕೂತರೆ ಭಯ ಆಗತ್ತೆ ಅಂತ ಜನ ಮೂರನೇ ನಿಮಿಷಕ್ಕೇ ಪೀಠಿಕೆ ಶುರು ಮಾಡ್ತಾರೆ. ಅರ್ಧ ದಾರಿಯಲ್ಲಿ ಹೊಸ ಅಂಶ ಹೊಳೆಯತ್ತೆ, ಅದಕ್ಕೆ ಜಾಗ ಇರಲ್ಲ, ಎಲ್ಲೋ ಒಂದು ಕಡೆ "ಅಲ್ಲದೆ" ಅಂತ ತೇಪೆ ಬೀಳತ್ತೆ. ಉತ್ತರಪತ್ರಿಕೆಯಲ್ಲಿ ಆ "ಅಲ್ಲದೆ" ದೂರದಿಂದಲೇ ಕಾಣತ್ತೆ.

ಎರಡುತಟ್ಟೆ:
ಬಿಳಿಹಾಳೆ ಅವರ ವಿಷಯಕ್ಕೇ ಹೊಡೆದುಹಾಕಿ ತೋರಿಸ್ತೀನಿ. ಪರ: ಓಡಾಟದ ಸಮಯ, ಓಡಾಟದ ಖರ್ಚು, ಊರು ಬಿಡದೆ ಕೆಲಸ, ಮನೆಯವರ ಆರೈಕೆ. ವಿರೋಧ: ಕೆಲಸಕ್ಕೂ ಮನೆಗೂ ನಡುವಿನ ಗೆರೆ ಅಳಿಯೋದು, ಹೊಸಬರ ಕಲಿಕೆ, ಒಂಟಿತನ, ಮನೆಯ ವಿದ್ಯುತ್ತು-ಇಂಟರ್ನೆಟ್ ಖರ್ಚು.

ಓಡಾಟದ ಖರ್ಚು, ಮನೆಯ ಖರ್ಚು ಎರಡನ್ನೂ ಹೊಡೆಯಿರಿ. ಸಮ ಅಂತ ಲೆಕ್ಕ ಹಾಕಿ ಹೇಳ್ತಿಲ್ಲ, ಎರಡೂ ಮನೆಯಿಂದ ಮನೆಗೆ ಬದಲಾಗತ್ತೆ, ಅದರ ಮೇಲೆ ತೀರ್ಪು ನಿಲ್ಲಲ್ಲ. ಓಡಾಟದ ಸಮಯ ಮತ್ತು ಆರೈಕೆ ಎರಡಲ್ಲ, ಒಂದೇ: ಸಮಯ ಉಳಿದದ್ದಕ್ಕೇ ಆರೈಕೆ ಸಾಧ್ಯ. ಒಂದನ್ನು ಕಾರಣ, ಇನ್ನೊಂದನ್ನು ಫಲ ಮಾಡಿ ಒಂದೇ ಅಂಶ ಮಾಡಿ. ಒಂಟಿತನ ಆಳವಾದ ಮಾತೇ, ಆದರೆ ಮನೆತುಂಬ ಜನ ಇರುವವರಿಗೆ ಅದು ತಟ್ಟೋದು ಕಡಿಮೆ, ಬಿಡಿ. ಉಳಿದದ್ದು ಆ ಕಡೆ ಎರಡು, ಈ ಕಡೆ ಎರಡು. 105 ಪದಕ್ಕೆ ಹೇಳಿ ಮಾಡಿಸಿದ ಹಾಗೆ.

ತಕ್ಕಡಿ:
ಚೆನ್ನಾಗಿದೆ. ಆದರೆ ಯಾವುದು ಭಾರ ಅಂತ ಹೇಗೆ ಗೊತ್ತಾಗತ್ತೆ ಅನ್ನೋದನ್ನೂ ಹೇಳಬೇಕು. ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಎಷ್ಟು ಜನಕ್ಕೆ ತಟ್ಟತ್ತೆ? ಎಷ್ಟು ಆಳವಾಗಿ? ಒಮ್ಮೆ ಆದದ್ದನ್ನು ಮತ್ತೆ ಸರಿಮಾಡೋಕೆ ಆಗತ್ತಾ? ತಡೆಯುವ ಉಪಾಯ ಏನಾದರೂ ಕೈಯಲ್ಲಿದೆಯಾ?

ಕೊನೆಯ ಎರಡನ್ನು ಯಾರೂ ಕೇಳಲ್ಲ, ತೀರ್ಪು ತಿರುಗೋದು ಅಲ್ಲೇ. ಕೆಲಸ-ಮನೆ ನಡುವಿನ ಗೆರೆ ಅಳಿಯೋದಕ್ಕೆ ಉಪಾಯ ಇದೆ: ಇಂಥ ಗಂಟೆಯ ಮೇಲೆ ಕರೆ ಇಲ್ಲ ಅಂತ ಗೊತ್ತುಮಾಡಬಹುದು. ಹೊಸಬರ ಕಲಿಕೆಗೆ ಅಂಥ ಸುಲಭದ ಉಪಾಯ ಇಲ್ಲ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ಹೇಗೆ ಮಾತಾಡ್ತಾರೆ, ತಪ್ಪಾದಾಗ ಏನು ಮಾಡ್ತಾರೆ ಅಂತ ನೋಡಿ ಕಲಿಯೋದು ವೇಳಾಪಟ್ಟಿಗೆ ಸಿಗೋ ವಸ್ತು ಅಲ್ಲ. ಹಾಗಾಗಿ ನಿಮ್ಮ ನಾಲ್ಕರಲ್ಲಿ ಅದೇ ಭಾರ.

ಬಿಳಿಹಾಳೆ:
ಇದು ಹೊಳೆದೇ ಇರಲಿಲ್ಲ. ಒಂದು ಅನುಮಾನ: "ಮನೆಯಿಂದ ಕೆಲಸ ಅಂದರೆ ಕೆಲವರು ಕೆಲಸಗಳ್ಳತನ ಮಾಡುತ್ತಾರೆ" ಅಂತ ಅನಾನುಕೂಲದಲ್ಲಿ ಹಾಕಬಹುದಾ?

ಒತ್ತಕ್ಷರ:
ಹಾಕಬೇಡಿ. ಅದು ದುರುಪಯೋಗ. ಅನಾನುಕೂಲ ಬೇರೆ, ದುರುಪಯೋಗ ಬೇರೆ. ಈ ಎರಡನ್ನು ಕಲಸೋದು ಕನ್ನಡದಲ್ಲಿ ಎಷ್ಟು ರೂಢಿಯಾಗಿದೆ ಅಂದರೆ "ಉಪಯೋಗಗಳು ಮತ್ತು ದುರುಪಯೋಗಗಳು" ಅಂತಲೇ ತಲೆಬರಹ ಕೊಡ್ತಾರೆ. ಒಂದು ಪರೀಕ್ಷೆ ಇದೆ: ಎಲ್ಲರೂ ಪ್ರಾಮಾಣಿಕವಾಗಿ, ಸರಿಯಾಗಿ ಬಳಸಿದರೂ ಈ ತೊಂದರೆ ಇದ್ದೇ ಇರತ್ತಾ? ಇದ್ದರೆ ಅನಾನುಕೂಲ. ಇಲ್ಲದಿದ್ದರೆ ದುರುಪಯೋಗ, ಅದರ ಹೊಣೆ ಬಳಸುವವರದು.

ಚಾಕುವಿನಿಂದ ಯಾರಿಗೋ ಇರಿಯೋದು ಚಾಕುವಿನ ದುರುಪಯೋಗ. ಅದು ಬೇಗ ಮೊಂಡಾಗೋದು ಚಾಕುವಿನ ಅನಾನುಕೂಲ.

ಎರಡುತಟ್ಟೆ:
ಪೂರ್ತಿ ಒಪ್ಪಲ್ಲ. ದುರುಪಯೋಗಕ್ಕೆ ಆ ವಸ್ತುವೇ ದಾರಿ ಮಾಡಿಕೊಟ್ಟರೆ? ಒಂದಾದ ಮೇಲೊಂದು ವಿಡಿಯೊ ತಾನಾಗಿ ಓಡೋ ಹಾಗೆ ಕಟ್ಟಿದ ಆ್ಯಪ್‌ನಲ್ಲಿ ಹೊತ್ತು ಕಳೆದುಹೋಗೋದು ಬಳಸುವವರ ತಪ್ಪು ಮಾತ್ರವಾ?

ಒತ್ತಕ್ಷರ:
ಅದು ಸರಿಯಾದ ತಕರಾರು. ಹಾಗಿದ್ದಾಗ ಆ ದಾರಿಯನ್ನೇ ಬರೆಯಬೇಕು. "ಜನ ಹೊತ್ತು ಹಾಳು ಮಾಡುತ್ತಾರೆ" ಅಂತ ಬರೆದರೆ ದುರುಪಯೋಗ. "ನಿಲ್ಲಿಸುವ ಜಾಗವೇ ಇಲ್ಲದಂತೆ ಅದನ್ನು ಕಟ್ಟಲಾಗಿದೆ" ಅಂತ ಬರೆದರೆ ಅನಾನುಕೂಲ. ವಾಕ್ಯದ ಕರ್ತೃ ಯಾರು ಅಂತ ನೋಡಿ, ಗೊತ್ತಾಗತ್ತೆ.

ಮಸಿಕುಡಿಕೆ:
ಕರ್ತೃ ನೋಡೋದು! ಇದು ತುಂಬ ಉಪಯೋಗದ ಮಾತು.

ದೀರ್ಘಸ್ವರ:
ಎಲ್ಲರೂ ಅನಾನುಕೂಲ ಅನಾನುಕೂಲ ಅಂತಿದ್ದೀರಿ. ಸರಿಯಾದ ರೂಪ ಅನನುಕೂಲ. ಅನ್ ಮತ್ತು ಅನುಕೂಲ ಸೇರಿದರೆ ನಡುವೆ ದೀರ್ಘ ಬರೋಕೆ ಕಾರಣವೇ ಇಲ್ಲ.

ಪದಸಂಚಿ:
ಹಾಗಾದರೆ ಅನಾರೋಗ್ಯ?

ದೀರ್ಘಸ್ವರ:
ಅಲ್ಲಿ ಮೂಲಪದವೇ ಆರೋಗ್ಯ, ಆ ದೀರ್ಘ ಅದರದ್ದೇ. ಅನಾರೋಗ್ಯ, ಅನಾದರ, ಅನಾಚಾರ ನೋಡಿ ನೋಡಿ ಅನುಕೂಲಕ್ಕೂ ದೀರ್ಘ ಅಂಟಿಕೊಂಡಿದೆ. ಅನವಶ್ಯಕ, ಅನಾವಶ್ಯಕ ಎರಡೂ ಸರಿ, ಏಕೆಂದರೆ ಅವಶ್ಯಕ, ಆವಶ್ಯಕ ಎರಡೂ ಇವೆ. ಆನುಕೂಲ ಅಂತ ಪದ ಬಳಕೆಯಲ್ಲಿ ಇಲ್ಲ.

ತಕ್ಕಡಿ:
ವ್ಯಾಕರಣ ಸರಿ, ಆದರೆ ಪತ್ರಿಕೆಗಳಿಂದ ಹಿಡಿದು ಪ್ರಶ್ನೆಪತ್ರಿಕೆಯವರೆಗೆ ಅನಾನುಕೂಲವೇ ಓಡಾಡ್ತಿದೆ. ಪ್ರಶ್ನೆಯಲ್ಲಿ ಇರೋ ರೂಪವನ್ನೇ ಬರೆದರೆ ಯಾರೂ ಅಂಕ ಕಳೆಯಲ್ಲ. ಒಂದು ಕಡೆ ಹಾಗೆ ಒಂದು ಕಡೆ ಹೀಗೆ ಬರೆಯಬೇಡಿ, ಅಷ್ಟೇ.

ದೀರ್ಘಸ್ವರ:
ಒಂದೇ ರೂಪ ಕೊನೆತನಕ ಅನ್ನೋದಕ್ಕೆ ನನ್ನದೂ ಒಪ್ಪಿಗೆ. ಇನ್ನೂ ಒಳ್ಳೆಯದು: ಇಡೀ ಪ್ರಬಂಧದಲ್ಲಿ ಆ ಪದವನ್ನು ಎರಡು ಸಲಕ್ಕಿಂತ ಹೆಚ್ಚು ಬಳಸಲೇಬೇಡಿ. ಕನ್ನಡದಲ್ಲಿ ತೊಡಕು, ತೊಂದರೆ, ಬಾಧಕ, ಕೊರತೆ, ನಷ್ಟ, ಕೆಡುಕು ಎಲ್ಲ ಇವೆ, ಒಂದೊಂದರ ಬಣ್ಣ ಬೇರೆ. ಕೊರತೆ ಅಂದರೆ ಇರಬೇಕಾದ್ದು ಇಲ್ಲ. ನಷ್ಟ ಅಂದರೆ ಇದ್ದದ್ದು ಹೋಯಿತು. ತೊಡಕು ಅಂದರೆ ದಾರಿಯಲ್ಲಿ ಅಡ್ಡ ಬಂತು, ಬಿಡಿಸಿಕೊಳ್ಳಬಹುದು. ಕೆಡುಕು ಅಂದರೆ ನೀತಿಯ ಮಾತೂ ಸೇರಿತು. ಹೊಸಬರಿಗೆ ಕಲಿಕೆ ತಪ್ಪೋದು ನಷ್ಟ, ಇಂಟರ್ನೆಟ್ ಕೈಕೊಡೋದು ತೊಡಕು. ಸರಿಯಾದ ಪದ ಆರಿಸಿದರೆ ತೂಗುವ ಕೆಲಸ ಅರ್ಧ ಅಲ್ಲೇ ಆಗಿಹೋಗತ್ತೆ.

ಅಲ್ಪವಿರಾಮ:
ಈ ಹರಟೆಯಲ್ಲಿ ಇಲ್ಲಿಯವರೆಗೆ ಬಂದ ಅತಿ ಒಳ್ಳೆಯ ಮಾತು ಇದೇ.

ಮಸಿಕುಡಿಕೆ:
ಪೀಠಿಕೆ ಬಗ್ಗೆ ಯಾರೂ ಮಾತಾಡಿಲ್ಲ. "ಇಂದಿನ ಆಧುನಿಕ ಯುಗದಲ್ಲಿ" ಅಂತ ಶುರು ಮಾಡೋದು ಬಿಟ್ಟು ಬೇರೆ ಹೇಗೆ?

ಕೆಂಪುಶಾಯಿ:
ಅದು, "ಒಂದು ನಾಣ್ಯಕ್ಕೆ ಎರಡು ಮುಖಗಳಿರುವಂತೆ", ಉಪಸಂಹಾರದ "ಅತಿಯಾದರೆ ಅಮೃತವೂ ವಿಷ", ಈ ಮೂರೂ ಎಲ್ಲಾ ವಿಷಯಕ್ಕೂ ಹೊಂದತ್ತೆ. ಅದೇ ಅವುಗಳ ದೋಷ. ವಾಕ್ಯದಿಂದ "ಮನೆಯಿಂದ ಕೆಲಸ" ತೆಗೆದು ಮೊಬೈಲು, ಪ್ರವಾಸ, ವಿದ್ಯುತ್ ವಾಹನ ಏನೇ ಹಾಕಿದರೂ ನಿಲ್ಲತ್ತೆ ಅಂದರೆ ಅದು ನಿಮ್ಮ ವಿಷಯದ ಬಗ್ಗೆ ಏನೂ ಹೇಳ್ತಿಲ್ಲ. ಹೊಡೆದುಹಾಕಿ.

40 ಪದದ ಪೀಠಿಕೆಗೆ ಎರಡು ವಾಕ್ಯ ಸಾಕು. ಮೊದಲನೆಯದು ವಿಷಯದ ಎಲ್ಲೆ: ಯಾವ ಕೆಲಸ, ಯಾರ ಕೆಲಸ. ಎರಡನೆಯದು ಪ್ರಬಂಧ ಎತ್ತ ಹೊರಟಿದೆ. ಉದಾಹರಣೆಗೆ: "ಕಂಪ್ಯೂಟರಿನ ಮುಂದೆ ಕೂತು ಮಾಡುವ ಕಚೇರಿ ಕೆಲಸವನ್ನು ಮನೆಯಿಂದಲೂ ಮಾಡಬಹುದೆಂಬುದು ಈಗ ಚರ್ಚೆಯ ವಿಷಯವಲ್ಲ, ಯಾರಿಗೆ ಅದು ಹಿತ ಎಂಬುದು ಚರ್ಚೆಯ ವಿಷಯ. ಕೆಲಸ ಬಲ್ಲವರಿಗೆ ಅದರಿಂದ ಸಿಗುವುದು ಹೆಚ್ಚು, ಕಲಿಯುವವರಿಗೆ ಕೈತಪ್ಪುವುದು ಹೆಚ್ಚು." ಇಷ್ಟರಲ್ಲಿ ಕಾರ್ಖಾನೆ, ಆಸ್ಪತ್ರೆ, ಕಟ್ಟಡದ ಕೆಲಸ ಎಲ್ಲ ಹೊರಗೆ ಹೋಯ್ತು. ಎಲ್ಲೆ ಹಾಕದಿದ್ದರೆ "ಎಲ್ಲಾ ಕೆಲಸವೂ ಮನೆಯಿಂದ ಆಗುವುದಿಲ್ಲ" ಅನ್ನೋ ಪ್ಯಾರಾ ಒಂದು ದಂಡಕ್ಕೆ ಬರೀಬೇಕಾಗತ್ತೆ.

ಹಾಳೆಅಂಚು:
ಯಾವ ಕಡೆ ಮೊದಲು ಅನ್ನೋದು ಉಳಿದಿದೆ. ಅನುಕೂಲವೇ ಮೊದಲು ಬರಬೇಕು ಅಂತ ನಿಯಮ ಎಲ್ಲೂ ಇಲ್ಲ, ಪ್ರಶ್ನೆಯಲ್ಲಿ ಆ ಪದ ಮೊದಲು ಬರತ್ತೆ ಅಂತ ರೂಢಿ ಆಗಿದೆ. ಓದುವವರ ಮನಸ್ಸಿನಲ್ಲಿ ಕೊನೆಯದಾಗಿ ಓದಿದ್ದೇ ನಿಲ್ಲೋದು. ನಿಮ್ಮ ತೀರ್ಪು ಅನುಕೂಲದ ಕಡೆಗಿದ್ದರೆ ಅನಾನುಕೂಲ ಮೊದಲು ಬರೆಯಿರಿ, ಉಪಸಂಹಾರಕ್ಕೆ ನೇರ ಇಳಿಜಾರು ಸಿಗತ್ತೆ. ಇಲ್ಲದಿದ್ದರೆ ಅನಾನುಕೂಲದ ಪ್ಯಾರಾ ಮುಗಿಸಿ ಗಕ್ಕನೆ "ಆದರೂ ಇದು ಒಳ್ಳೆಯದು" ಅಂತ ತಿರುಗಬೇಕಾಗತ್ತೆ.

ಹಳೇಓಲೆ:
ನಮ್ಮ ಶಾಸ್ತ್ರಗಳ ಕ್ರಮವೂ ಇದೇ. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸೆಯಲ್ಲಿ ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಷಯದ ಚರ್ಚೆಗೆ, ಐದು ಅಂಗ ಹೇಳುತ್ತಾರೆ: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ತಾನು ಒಪ್ಪದ ಪಕ್ಷ, ಅಂದರೆ ಪೂರ್ವಪಕ್ಷ, ಮೊದಲು ಬರುತ್ತದೆ, ಅದೂ ಪೂರ್ಣ ಬಲದೊಡನೆ. ಸೊರಗಿದ ಪೂರ್ವಪಕ್ಷವನ್ನು ಎದುರಿಗೆ ನಿಲ್ಲಿಸಿ ಕೆಡವಿದರೆ ಸಿದ್ಧಾಂತಕ್ಕೆ ಬಲ ಬರುವುದಿಲ್ಲ. ಸಾಧಕ-ಬಾಧಕ ಪ್ರಬಂಧದಲ್ಲಿ ಇದು ಅಕ್ಷರಶಃ ಅನ್ವಯಿಸುತ್ತದೆ: ನೀವು ಒಪ್ಪದ ಕಡೆಯ ಎರಡು ಅಂಶಗಳೂ ಆ ಕಡೆಯವರೇ ಆರಿಸಿಕೊಳ್ಳುವಂಥವಾಗಿರಬೇಕು. ಪೂರ್ವಪಕ್ಷಕ್ಕೆ 105 ಪದ ಎಂದಿದ್ದರೆ 60ಕ್ಕೇ ನಿಲ್ಲಿಸುವುದು ಅನ್ಯಾಯ, ನೋಡಿದ ಕೂಡಲೇ ತಿಳಿಯುತ್ತದೆ.

ಎರಡುತಟ್ಟೆ:
ಬಿಳಿಹಾಳೆ ಅವರೇ, ನಿಮ್ಮ ಪ್ಯಾರಾದ ಸಮಯ, ಕುಟುಂಬ ಎರಡು ಅಂಶವನ್ನು ಸೇರಿಸಿ ಬಿಡಿಸಿದರೆ ಹೀಗೆ ಆಗಬಹುದು ನೋಡಿ:

"ಮನೆಯಿಂದ ಕೆಲಸ ಮಾಡುವವರ ಕೈಗೆ ಮೊದಲು ಮರಳುವುದು ಓಡಾಟದ ಸಮಯ. ಹೋಗಿ ಬರಲು ದಿನಕ್ಕೆ ಎರಡು ಗಂಟೆ ಹಿಡಿಯುತ್ತಿದ್ದರೆ, ಐದು ದಿನಕ್ಕೆ ಹತ್ತು ಗಂಟೆ. ಅಂದರೆ ಎಂಟು ಗಂಟೆಯ ಒಂದು ಕೆಲಸದ ದಿನಕ್ಕಿಂತ ಹೆಚ್ಚು. ಈ ಗಂಟೆಗಳು ಬೆಳಗ್ಗೆ ಮತ್ತು ಸಂಜೆ, ಮನೆಗೆ ಕೈ ಬೇಕಾದ ಹೊತ್ತಿನಲ್ಲೇ ಸಿಗುತ್ತವೆ. ಹಾಗಾಗಿ ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳಬೇಕಾದವರು ಕೆಲಸ ಬಿಡದೆ ಮುಂದುವರಿಯಬಹುದು."

ಅಂಶ, ಅಳತೆ, ಹೇಗೆ, ಯಾರಿಗೆ. ಐದು ವಾಕ್ಯ. ಎರಡು ಗಂಟೆ ಅನ್ನೋದಕ್ಕೆ "ಹಿಡಿಯುತ್ತಿದ್ದರೆ" ಅಂತ ಹಾಕಿದ್ದನ್ನು ಗಮನಿಸಿ. ಅದು ಲೆಕ್ಕ, ಸಮೀಕ್ಷೆ ಅಲ್ಲ. "ಶೇಕಡಾ 70ರಷ್ಟು ಜನ" ಅಂತ ತಲೆಯಿಂದ ಅಂಕಿ ಹುಟ್ಟಿಸೋ ಬದಲು ಹೀಗೆ ಗುಣಾಕಾರ ಮಾಡಿ ತೋರಿಸಿ. ಓದುವವರು ತಾವೇ ಪರೀಕ್ಷಿಸಬಹುದಾದ ಲೆಕ್ಕವನ್ನು ನಂಬ್ತಾರೆ.

ಪದಸಂಚಿ:
ಪದ ಎಣಿಸುವವರಿಗೆ ಒಂದು ಎಚ್ಚರಿಕೆ. ಇಂಗ್ಲಿಷ್ ಪ್ರಬಂಧದ ಪದಮಿತಿಯ ಅಂದಾಜು ಕನ್ನಡಕ್ಕೆ ತರಬೇಡಿ. "ಮನೆಯಲ್ಲಿರುವವರಿಗೂ" ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಆರೇಳು ಪದ ಬೇಕು. ಅಂದರೆ ಕನ್ನಡದ 300 ಪದದಲ್ಲಿ ಹೆಚ್ಚು ವಿಷಯ ಹಿಡಿಸತ್ತೆ. ಇಂಗ್ಲಿಷಿನಲ್ಲಿ ಯೋಚಿಸಿದ ಚೌಕಟ್ಟನ್ನು ಕನ್ನಡಕ್ಕೆ ಇಳಿಸಿದರೆ 200ಕ್ಕೇ ಮಾತು ಮುಗಿದು, ಉಳಿದ ನೂರಕ್ಕೆ ನೀರು ಬೆರೆಸೋದು ಶುರುವಾಗತ್ತೆ.

ಮಸಿಕುಡಿಕೆ:
ಹಾಗಾದರೆ ಮೂರನೇ ಅಂಶ ಹಾಕಬಹುದಲ್ಲ?

ಕೆಂಪುಶಾಯಿ:
ಬೇಡ. ಇರುವ ಎರಡಕ್ಕೇ ಇನ್ನೊಂದು "ಹೇಗೆ" ಸೇರಿಸಿ.

ದೀರ್ಘಸ್ವರ:
ಹಾಳೆಅಂಚು ಅವರು ಆಗಲೇ ಹೇಳಿದ "ಆದರೆ" ಸುರಿಮಳೆಗೆ ಕನ್ನಡದಲ್ಲೇ ಮದ್ದಿದೆ. ಇಂಗ್ಲಿಷಿಗೆ ಬೇರೆ ಪದ ಬೇಕು, ನಮಗೆ ಕ್ರಿಯಾಪದದ ಬಾಲವೇ ಸಾಕು. "ಸಮಯ ಉಳಿಯುತ್ತದೆ. ಆದರೆ ಕೆಲಸ ಮುಗಿಯುವುದಿಲ್ಲ" ಅನ್ನೋದು "ಸಮಯ ಉಳಿದರೂ ಕೆಲಸಕ್ಕೆ ಕೊನೆ ಇರುವುದಿಲ್ಲ" ಅಂತ ಒಂದೇ ಉಸಿರಿಗೆ ಬರತ್ತೆ. ಹೀಗೆ ಬರೆದಾಗ ಯಾವುದು ಭಾರ ಅಂತಲೂ ವಾಕ್ಯವೇ ಹೇಳತ್ತೆ: "ಉಳಿದರೂ" ಅಂದದ್ದು ಹಗುರ, ವಾಕ್ಯ ಮುಗಿಸಿದ ಕ್ರಿಯಾಪದ ಭಾರ. ತಿರುಗಿಸಿ ನೋಡಿ: "ಕೆಲಸಕ್ಕೆ ಕೊನೆ ಇಲ್ಲದಿದ್ದರೂ ಸಮಯ ಉಳಿಯುತ್ತದೆ." ಅದೇ ಎರಡು ಸಂಗತಿ, ತೀರ್ಪು ಉಲ್ಟಾ.

"ಒಂದು ಕೈಯಲ್ಲಿ, ಮತ್ತೊಂದು ಕೈಯಲ್ಲಿ" ಅಂತ ಬರೆಯೋದನ್ನು ದಯವಿಟ್ಟು ಬಿಡಿ. ಒಂದೆಡೆ, ಇನ್ನೊಂದೆಡೆ ಇದೆಯಲ್ಲ.

ತಕ್ಕಡಿ:
ಇದರ ಜೊತೆಗೆ ಇನ್ನೊಂದು: ಆಗುತ್ತದೆ, ಆಗಬಹುದು, ಆಗುವುದುಂಟು. ಮೂರೂ ಒಂದಲ್ಲ. ಆಗುತ್ತದೆ ಅಂದರೆ ಯಾವಾಗಲೂ. ಆಗಬಹುದು ಅಂದರೆ ಆಗದೆಯೂ ಇರಬಹುದು, ಗೊತ್ತಿಲ್ಲ. ಆಗುವುದುಂಟು ಅಂದರೆ ಆಗುತ್ತದೆ ಅಂತ ಗೊತ್ತು, ಆದರೆ ಎಲ್ಲರಿಗೂ ಎಲ್ಲ ಸಲವೂ ಅಲ್ಲ. ಈ ಥರದ ಪ್ರಬಂಧದಲ್ಲಿ ಬಹಳಷ್ಟು ಕಡೆ ಬೇಕಿರೋದು ಮೂರನೆಯದು, ಜನ ಬರೆಯೋದು ಮೊದಲನೆಯದು.

ಬಿಳಿಹಾಳೆ:
ಎಲ್ಲರ ಮಾತು ಇಟ್ಟುಕೊಂಡು ಬಾಧಕದ ಪ್ಯಾರಾ, ಉಪಸಂಹಾರ ಮತ್ತೆ ಬರೆದೆ. ತೀರ್ಪು ಅನುಕೂಲದ ಕಡೆ, ಹಾಗಾಗಿ ಬಾಧಕ ಮೊದಲು ಬರತ್ತೆ.

"ಕಚೇರಿಯ ಬಾಗಿಲು ದಾಟಿದರೆ ಆ ದಿನದ ಕೆಲಸ ಮುಗಿಯಿತೆಂಬ ಗೆರೆಯೊಂದು ಇರುತ್ತದೆ. ಮನೆಯಲ್ಲಿ ಕೂತವರಿಗೆ ಅಂಥ ಬಾಗಿಲಿಲ್ಲ. ರಾತ್ರಿ ಊಟದ ನಡುವೆಯೂ ಕರೆ ಬರುವುದುಂಟು. ಗಂಟೆ ಗೊತ್ತುಮಾಡಿ ಈ ತೊಡಕನ್ನು ಬಿಡಿಸಿಕೊಳ್ಳಬಹುದಾದರೂ, ಹೊಸಬರಿಗಾಗುವ ನಷ್ಟ ಅಷ್ಟು ಸುಲಭವಾಗಿ ತುಂಬುವುದಿಲ್ಲ. ಅನುಭವಿಗಳ ಪಕ್ಕ ಕೂತವರು ಕೇಳದೆಯೇ ಎಷ್ಟೋ ಕಲಿಯುತ್ತಾರೆ. ಪರದೆಯ ಮುಂದೆ ಒಬ್ಬರೇ ಕೂತವರು ಪ್ರತಿಯೊಂದನ್ನೂ ಕೇಳಿಯೇ ಕಲಿಯಬೇಕು, ಏನು ಕೇಳಬೇಕೆಂಬುದು ಗೊತ್ತಿಲ್ಲದವರು ಕೇಳುವುದೂ ಇಲ್ಲ."

ಉಪಸಂಹಾರ: "ಉಳಿದ ಸಮಯ ಎಲ್ಲರಿಗೂ ಸಿಗುವ ಲಾಭ, ಕಲಿಕೆಯ ನಷ್ಟ ತಟ್ಟುವುದು ಹೊಸಬರಿಗೆ, ಅದೂ ಆರಂಭದಲ್ಲಿ. ಆದ್ದರಿಂದ ಮೊದಲ ವರ್ಷ ಕಚೇರಿಯಲ್ಲೂ ಆಮೇಲೆ ಮನೆಯಲ್ಲೂ ಕೆಲಸ ಮಾಡುವ ಏರ್ಪಾಟಿದ್ದರೆ, ಇದರ ಅನುಕೂಲಗಳೇ ಹೆಚ್ಚು."

ಕೆಂಪುಶಾಯಿ:
ಇದು ಪ್ರಬಂಧ. "ಏನು ಕೇಳಬೇಕೆಂಬುದು ಗೊತ್ತಿಲ್ಲದವರು ಕೇಳುವುದೂ ಇಲ್ಲ" ಅನ್ನೋದರಲ್ಲಿ ಎರಡನೇ "ಹೇಗೆ" ಕೂಡ ಬಂತು. ತೀರ್ಪಿಗೆ ಷರತ್ತು ಹಾಕಿದ್ದೂ ಒಳ್ಳೆಯದಾಯ್ತು, "ಎರಡೂ ಇವೆ" ಅನ್ನೋ ಜಾರಿಕೆ ಇಲ್ಲ.

ಹಾಳೆಅಂಚು:
ಒಂದು ಸಂದು ಉಳಿದಿದೆ. "ಮೊದಲ ವರ್ಷ" ಅನ್ನೋದು ಉಪಸಂಹಾರದಲ್ಲೇ ಮೊದಲ ಸಲ ಬರತ್ತೆ. ಉಪಸಂಹಾರದಲ್ಲಿ ಹೊಸ ಅಂಶ ಬರಬಾರದು ಅನ್ನೋ ನಿಯಮಕ್ಕೆ ಕಾರಣ ಇದೇ: ಅದನ್ನು ಸಮರ್ಥಿಸೋಕೆ ಅಲ್ಲಿ ಜಾಗ ಇಲ್ಲ. ಆರಂಭದಲ್ಲೇ ಯಾಕೆ ಹೆಚ್ಚು ನಷ್ಟ ಅಂತ ಬಾಧಕದ ಪ್ಯಾರಾದಲ್ಲೇ ಒಂದು ವಾಕ್ಯ ಬೇಕು. ಆ ಬೀಜ ಅಲ್ಲಿ ಬಿದ್ದಿದ್ದರೆ ಇಲ್ಲಿ ತೀರ್ಪು ತಾನಾಗಿ ಏಳತ್ತೆ.

ಬಿಳಿಹಾಳೆ:
ಹೌದು, ಅದು ಕಣ್ಣಿಗೇ ಬಿದ್ದಿರಲಿಲ್ಲ. ಪ್ಯಾರಾದ ಕೊನೆಗೆ ಇದನ್ನು ಸೇರಿಸಿದೆ: "ಕೆಲಸದ ಪರಿಚಯವಾಗುತ್ತ ಹೋದಂತೆ ಕೇಳಬೇಕಾದ್ದೂ ತಿಳಿಯುತ್ತದೆ, ಈ ನಷ್ಟದ ಬಹುಪಾಲು ಮೊದಲ ತಿಂಗಳುಗಳದ್ದು."

ಹಾಳೆಅಂಚು:
ಹಾಗಾದರೆ ಉಪಸಂಹಾರದಲ್ಲೂ "ಮೊದಲ ವರ್ಷ" ಬೇಡ, "ಮೊದಲ ತಿಂಗಳುಗಳು" ಅಂತಲೇ ಮಾಡಿ. ಪ್ಯಾರಾ ಹೇಳಿದ್ದಕ್ಕಿಂತ ತೀರ್ಪು ಉದ್ದ ಆಗಬಾರದು.